ಶಾಲು ಹೊದಿಸಿದ ಮೇಲೆ

ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವದ ದಿನ ನಾಲ್ಕು ಮಾತನಾಡಲು ನನ್ನನ್ನು ಕರೆದಿದ್ದರು. ಧ್ವಜಾರೋಹಣದ ಬಳಿಕ ಆ ಊರಿನ ಮಾಜಿ ಸೈನಿಕರೊಬ್ಬರಿಗೆ ಸನ್ಮಾನವಿತ್ತು. ನಲವತ್ತು ದಾಟಿದ ಆ ವ್ಯಕ್ತಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಮಕ್ಕಳು ಜೈಕಾರ ಹಾಕಿದರು. ಎಲ್ಲರೂ ವೇದಿಕೆಯತ್ತ ನೋಡಿ ಚಪ್ಪಾಳೆ ತಟ್ಟುತ್ತಿದ್ದಾಗ ಅವರ ಹೆಂಡತಿ ಮಾತ್ರ ವೇದಿಕೆಯ ಅಂಚಿಗೆ ಬಂದು, ಕೈ ಮುಂದೆ ಚಾಚಿ ನಿಂತಿದ್ದರು. ಪತಿಗೆ ಮೂರ್ಛೆರೋಗವಿದೆ, ನಿಂತಲ್ಲೇ ಯಾವಾಗ ಬೀಳುವರೋ ಹೇಳಲಾಗದು ಎಂಬುದು ನನಗೆ ಆಮೇಲೆ ತಿಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಅವರು ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. 'ಸರ್, ಇದ್ರಾಗ ಏನ್ ಬರದಾರ ಓದಿ ಹೇಳ್ರಿ. ಮಂದಿ ಒಬ್ಬೊಬ್ಬರು ಒಂದೊಂದು ಹೇಳ್ತಾರ' ಎಂದರು. ಇಂಗ್ಲಿಷಿನ ಎರಡು ಸಾಲು, ನಡುವೆ ಒಂದಷ್ಟು ಸಂಕ್ಷಿಪ್ತಾಕ್ಷರಗಳು. ನನಗೆ ತಿಳಿದಂತೆ ಕನ್ನಡದಲ್ಲಿ ಹೇಳಿದೆ: ನಿಮ್ಮ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅದು ನಿಮ್ಮ ದೇಹಪ್ರಕೃತಿಯಲ್ಲೇ ಇದ್ದದ್ದು. ಆದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಮೊದಲೇ ಇತ್ತಂದ್ರ, ಭರ್ತಿ ಮಾಡ್ಕೊಳ್ಳುವಾಗ ಯಾಕ ಕಾಣಲಿಲ್ರಿ?'

ಕಾನೂನು ಓದದ ಆ ಮನುಷ್ಯ ಕೇಳಿದ ಪ್ರಶ್ನೆ, ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಎತ್ತಿಕೊಂಡ ಪ್ರಶ್ನೆಯೇ ಆಗಿತ್ತು. ಅವರೂ ಮೂರ್ಛೆರೋಗದ ಕಾರಣಕ್ಕೆ ಸೇನೆಯಿಂದ ಹೊರಬಂದವರು. ಅವರದೂ ದೇಹಪ್ರಕೃತಿಯ ದೋಷವೆಂದೇ ವೈದ್ಯಕೀಯ ಮಂಡಳಿ ಬರೆದಿತ್ತು. ನ್ಯಾಯಾಲಯ ಹೇಳಿದ್ದು ಇಷ್ಟು: ಭರ್ತಿಯ ಸಮಯದಲ್ಲಿ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇನೆ ಸೇರಿದನೆಂದು ಭಾವಿಸಬೇಕು, ಅನಂತರದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು, ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ ಸಲ್ಲಬೇಕು. ಈ ಮೂರು ಮಾತುಗಳಾದರೂ ನ್ಯಾಯಾಲಯ ಹೊಸದಾಗಿ ಹುಟ್ಟಿಸಿದವಲ್ಲ. 1982ರ ಪಿಂಚಣಿ ಅರ್ಹತಾ ನಿಯಮಗಳಲ್ಲಿ ಸರ್ಕಾರವೇ ಬರೆದಿಟ್ಟಿದ್ದವು. ತಾನೇ ಬರೆದ ನಿಯಮವನ್ನು ತನಗೇ ಓದಿಹೇಳಲು ಸರ್ಕಾರಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತು.

ಆಳಂದ, ಅಫಜಲಪುರ, ಜೇವರ್ಗಿಗಳ ನಮಗೆ ಆಳುವವರ ಅನುಗ್ರಹ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಲವು ಹಳ್ಳಿಗಳು ಪಾಯಗಾ, ಜಾಗೀರುಗಳಿಗೆ ಸೇರಿದ್ದವು. ಭೂಮಿ ಇನಾಮು, ಉದ್ಯೋಗ ಇನಾಮು, ವೃದ್ಧಾಪ್ಯದ ವಜೀಫವೂ ಇನಾಮು. ಒಂದು ಫರ್ಮಾನಿನಿಂದ ಬಂದದ್ದು ಇನ್ನೊಂದು ಫರ್ಮಾನಿನಿಂದ ಹೋಗಬಹುದಿತ್ತು. ಕೊಟ್ಟಾಗ ಕೈಮುಗಿಯಬಹುದು, ಕಸಿದಾಗ ಏಕೆಂದು ಕೇಳುವಂತಿರಲಿಲ್ಲ.

ಆಳಂದದಿಂದ ಬಹುದೂರವೇನೂ ಇಲ್ಲದ ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಸೇನೆ ಹೈದರಾಬಾದಿನತ್ತ ಸಾಗಿದಾಗ ಈ ವ್ಯವಸ್ಥೆ ಕುಸಿಯಿತು. ಆ ಕಾರ್ಯಾಚರಣೆಯ ಬೆನ್ನಿಗೇ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದೆಂದು ಸುಂದರಲಾಲ್ ಸಮಿತಿ ದಾಖಲಿಸಿತು ಎಂಬುದನ್ನೂ ಮರೆಯಬಾರದು. ರಾಜ್ಯಶಕ್ತಿ ಬಿಡುಗಡೆಯನ್ನೂ ತರಬಲ್ಲದು, ರಕ್ಷಿಸಬೇಕಾದಾಗ ಸೋಲಲೂಬಲ್ಲದು. ಆದ್ದರಿಂದಲೇ ಅದಕ್ಕೊಂದು ಲಗಾಮು ಬೇಕು. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಜನವರಿ 26ರಿಂದ ನಮಗೆ ಆ ಲಗಾಮಿನ ಹೆಸರು ಸಂವಿಧಾನ.

ಇದಕ್ಕಿಂತ ಹಳೆಯದೊಂದು ಪದವೂ ನಮ್ಮ ನುಡಿಯಲ್ಲಿದೆ: ನೆತ್ತರುಗೊಡಗೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಅರಸ ಬಿಟ್ಟುಕೊಡುತ್ತಿದ್ದ ಭೂಮಿ. ಮಡಿದವನಿಗೆ ವೀರಗಲ್ಲು, ಮನೆಯವರಿಗೆ ನೆತ್ತರುಗೊಡಗೆ. ಆದರೆ ಕೈಯನ್ನೋ ಕಾಲನ್ನೋ ರಣದಲ್ಲಿ ಬಿಟ್ಟು ಜೀವಂತ ಮರಳಿದವನಿಗೆ ಯಾವ ಕಲ್ಲು? ವೀರಗಲ್ಲಿನ ಮೂರು ಹಂತಗಳಲ್ಲಿ ಅವನಿಗೆ ಜಾಗವಿಲ್ಲ. ಸತ್ತವನನ್ನು ಗೌರವಿಸುವುದು ಎಂದಿಗೂ ಸುಲಭ. ಬದುಕಿ ಬಂದು ಪ್ರತಿ ತಿಂಗಳೂ ಏನನ್ನಾದರೂ ಕೇಳುವವನನ್ನು ಗೌರವಿಸುವುದು ಕಷ್ಟ.

ಪಿಂಚಣಿ ಯಾರ ಇನಾಮೂ ಅಲ್ಲವೆಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್‌ನಲ್ಲಿ, ಡಿ.ಎಸ್. ನಕಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದು ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಗಳಿಸಿದ್ದು. ಉದ್ಯೋಗದಾತನ ಮರ್ಜಿಗೆ ಬಿಟ್ಟದ್ದಲ್ಲ. 2013ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಪಿಂಚಣಿಯನ್ನು ಸಂವಿಧಾನದ 300ಎ ವಿಧಿಯ ಅರ್ಥದಲ್ಲಿ ಆಸ್ತಿ ಎಂದು ಕರೆಯಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

ಸೈನಿಕನ ವಿಷಯದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಸಂವಿಧಾನದ 33ನೇ ವಿಧಿ, ಸಶಸ್ತ್ರ ಪಡೆಗಳಲ್ಲಿರುವವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. 1950ರ ಸೇನಾ ಕಾಯ್ದೆಯ 21ನೇ ಕಲಂ ಅದಕ್ಕೆ ಅನುಗುಣವಾಗಿದೆ. ಅನುಮತಿಯಿಲ್ಲದೆ ಸೈನಿಕ ಸಂಘ ಕಟ್ಟಲಾರ, ಪತ್ರಿಕೆಗೆ ಬರೆಯಲಾರ. ಈ ಲೇಖನ ಬರೆಯುವ ನನ್ನ ಸ್ವಾತಂತ್ರ್ಯವನ್ನು ಕಾಯಲು ಆತ ತನ್ನದನ್ನು ಬದಿಗಿಟ್ಟಿದ್ದಾನೆ. ಶಿಸ್ತಿನ ಪಡೆಗೆ ಇದು ಅಗತ್ಯವೆಂದು ಒಪ್ಪೋಣ. ಆದರೆ ಹಕ್ಕುಗಳ ಒಂದು ಭಾಗವನ್ನು ಮುಂಗಡವಾಗಿ ಪಡೆದುಕೊಂಡ ಸರ್ಕಾರ, ಆತ ದೇಹ ಮುರಿದುಕೊಂಡು ಹೊರಬಂದಾಗ ಉಳಿದ ಹಕ್ಕಿಗೂ ಸಾಕ್ಷ್ಯ ತಾ ಎಂದು ಕೇಳುವುದು ಯಾವ ನ್ಯಾಯ?

ಸರ್ಕಾರವೆಂದರೆ ಒಂದೇ ಮುಖವಲ್ಲ ಎಂಬುದನ್ನೂ ಹೇಳಬೇಕು. ಆಳಂದ ತಾಲ್ಲೂಕಿನಲ್ಲಿ ನನಗೆ ಪರಿಚಯದ ಇನ್ನೊಬ್ಬರಿದ್ದಾರೆ. ಗಡಿಯಲ್ಲಿ ನೆಲಬಾಂಬು ಸಿಡಿದು ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು. 1944ರಲ್ಲಿ ಆರಂಭವಾದ ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಅವರಿಗೆ ಹೊಸ ಕಾಲು ದೊರೆಯಿತು. ಈಗಲೂ ಅದು ಸವೆದಾಗ ಸೊಲ್ಲಾಪುರದಲ್ಲಿ ರೈಲು ಹತ್ತಿ ಪುಣೆಗೆ ಹೋಗುತ್ತಾರೆ. ಅಲ್ಲಿಯ ತಂತ್ರಜ್ಞರು ತಮ್ಮನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆಂದು ಹೆಮ್ಮೆಪಡುತ್ತಾರೆ. ಅವರ ಪಿಂಚಣಿಗೆ ತಕರಾರು ಬಂದಿಲ್ಲ. ಹೋದ ಕಾಲು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದ ಗಾಯವೇ ತೊಡಕಿನದು: ಮೂರ್ಛೆ, ಬೆನ್ನುಹುರಿಯ ನೋವು, ರಕ್ತದೊತ್ತಡ, ಮನೋರೋಗ. ಹಿಮದಲ್ಲಿ, ಮರುಭೂಮಿಯಲ್ಲಿ, ವರ್ಷಗಟ್ಟಲೆ ಕುಟುಂಬದಿಂದ ದೂರವಿದ್ದು ಬಂದ ಕಾಯಿಲೆಗೆ ಗುಂಡಿನ ಗುರುತು ಇರುವುದಿಲ್ಲ.

ಕಾರಣ ಕೊಡದೆ 'ಸೇವೆಗೆ ಸಂಬಂಧವಿಲ್ಲ' ಎಂದಷ್ಟೇ ಬರೆದ ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಸ್ಕಿಜೋಫ್ರೇನಿಯಾದ ಕಾರಣಕ್ಕೆ ಹೊರಬಂದ ಸೈನಿಕರೊಬ್ಬರ ಪ್ರಕರಣವದು. ಅದೇ ವರ್ಷದ ಜುಲೈನಲ್ಲಿ, ಅಂಗವೈಕಲ್ಯ ಪಿಂಚಣಿ ನೀಡಿದ ನ್ಯಾಯಮಂಡಳಿಯ ಆದೇಶಗಳ ವಿರುದ್ಧ ಕೇಂದ್ರ ಸರ್ಕಾರ ಸಲ್ಲಿಸಿದ್ದ ನೂರಾರು ಅರ್ಜಿಗಳನ್ನು ದೆಹಲಿ ಹೈಕೋರ್ಟ್ ಒಟ್ಟಿಗೆ ವಜಾ ಮಾಡಿತು. ಒಂದೊಂದು ಅರ್ಜಿಯ ಹಿಂದೆಯೂ ತನ್ನ ಪರವಾಗಿ ತೀರ್ಪು ಪಡೆದೂ ನೆಮ್ಮದಿ ಪಡೆಯದ ಒಂದು ಮನೆಯಿತ್ತು. ಸರ್ಕಾರಕ್ಕೆ ವಕೀಲರ ಶುಲ್ಕ ಬೊಕ್ಕಸದಿಂದ ಹೋಗುತ್ತದೆ, ವಯಸ್ಸಾಗುವುದಿಲ್ಲ, ಔಷಧ ಬೇಕಾಗುವುದಿಲ್ಲ. ಇಬ್ಬರೂ ಸಮಾನರೆಂದು ಕಾನೂನು ಹೇಳಬಹುದು. ಕಾಯುವ ಶಕ್ತಿ ಮಾತ್ರ ಸಮಾನವಲ್ಲ.

ಇನ್ನೊಂದು ಪಕ್ಷವನ್ನೂ ಕೇಳಬೇಕು. ನಿವೃತ್ತಿಯಾಗುವ ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪ್ರಮಾಣ ಹೆಚ್ಚಾಗಿರುವುದನ್ನು ಮಹಾಲೇಖಪಾಲರ 2023ರ ವರದಿ ಎತ್ತಿ ತೋರಿಸಿತ್ತು. ಜೀವನಶೈಲಿಯ ಕಾಯಿಲೆಗಳನ್ನೂ ಇದರಡಿ ತರಲಾಗುತ್ತಿದೆಯೆಂಬ ದೂರಿದೆ. 2023ರ ಸೆಪ್ಟೆಂಬರ್‌ನಲ್ಲಿ ಅರ್ಹತಾ ನಿಯಮಗಳನ್ನು ಬದಲಿಸಿದ್ದಕ್ಕೆ ಇಂಥ ಕಾರಣಗಳನ್ನೇ ಕೊಡಲಾಯಿತು. ದುರುಪಯೋಗವಿದ್ದರೆ ತಡೆಯಲೇಬೇಕು, ಅದು ನಮ್ಮ ತೆರಿಗೆಯ ಹಣ. ಆದರೆ ಕಳ್ಳನನ್ನು ಹಿಡಿಯಲು ಇಡೀ ಊರಿನ ಮೇಲೆ ಸಂಶಯಪಡುವುದು ಹಳೆಯ ಆಡಳಿತದ ಪದ್ಧತಿ. ನಿವೃತ್ತಿಯವರೆಗೆ ಸೇವೆ ಸಲ್ಲಿಸಿದ ಹಿರಿಯ ಅಧಿಕಾರಿಯ ರಕ್ತದೊತ್ತಡವನ್ನೂ, ಒಂಬತ್ತು ವರ್ಷಕ್ಕೇ ಮನೆಗೆ ಕಳುಹಿಸಲಾದ ಜವಾನನ ಮೂರ್ಛೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಧಿಕಾರಿ ಪೂರ್ಣ ಪಿಂಚಣಿಯೊಡನೆ ಹೋಗುತ್ತಾನೆ. ಪಿಂಚಣಿಗೆ ಬೇಕಾದ ಹದಿನೈದು ವರ್ಷ ಪೂರೈಸದ ಜವಾನನಿಗೆ ಅಂಗವೈಕಲ್ಯ ಪಿಂಚಣಿ ನಿರಾಕರಿಸಿದರೆ ಕೈಯಲ್ಲಿ ಉಳಿಯುವುದು ಆ ಕಾಗದವೊಂದೇ.

ಅಫಜಲಪುರದ ಕಡೆ ಹೋದಾಗಲೆಲ್ಲ ಮುಂಜಾನೆಯ ರಸ್ತೆಯಲ್ಲಿ ಓಡುವ ಹುಡುಗರನ್ನು ನೋಡುತ್ತೇನೆ. ಸೇನಾ ಭರ್ತಿಗೆ ಅಭ್ಯಾಸ. ಭೀಮೆಯ ದಂಡೆಯ ಈ ಹುಡುಗರ ಮನೆಗಳಲ್ಲಿ ಒಂದು ಕಡೆ ತೊಗರಿ, ಒಂದು ಕಡೆ ಕಬ್ಬು, ಎರಡರ ಮೇಲೂ ಸಾಲ. ಒಂದು ಸರ್ಕಾರಿ ನೌಕರಿ ಆ ಮನೆಯ ಚಿತ್ರವನ್ನೇ ಬದಲಿಸಬಲ್ಲದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಅವಧಿಗೆ ಪಿಂಚಣಿಯಿಲ್ಲ. ಸೇವೆಯಿಂದ ಅಂಗವೈಕಲ್ಯ ಬಂದರೆ ಅದರ ಪ್ರಮಾಣ ಶೇ 100, 75 ಅಥವಾ 50 ಎಂಬುದನ್ನು ನೋಡಿ 44, 25 ಅಥವಾ 15 ಲಕ್ಷ ರೂಪಾಯಿಯ ಒಂದೇ ಬಾರಿಯ ಪರಿಹಾರ. ಇಲ್ಲಿಯೂ ಮೊದಲ ಪ್ರಶ್ನೆ ಅದೇ: ಅದು ಸೇವೆಯಿಂದ ಬಂದದ್ದೋ ಅಲ್ಲವೋ? ತರಬೇತಿಯಲ್ಲೇ ಗಾಯಗೊಂಡು ಹೊರಬಂದ ಕೆಡೆಟ್‌ಗಳ ಸ್ಥಿತಿ ಇನ್ನೂ ಕಷ್ಟದ್ದು. ಅಧಿಕಾರಿಗಳಾಗಿ ನೇಮಕಗೊಳ್ಳುವ ಮೊದಲೇ ಗಾಯಗೊಂಡಿದ್ದರಿಂದ ಅವರಿಗೆ ಮಾಜಿ ಸೈನಿಕರೆಂಬ ಹೆಸರೂ ಇಲ್ಲ. 1985ರಿಂದ ಇಂಥವರು ಸುಮಾರು 500 ಮಂದಿ ಎಂಬ ಪತ್ರಿಕಾ ವರದಿಯನ್ನು ಗಮನಿಸಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದಾದ ಮೇಲಷ್ಟೇ ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಬಾಗಿಲು ತೆರೆಯಿತು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ವೈದ್ಯಕೀಯ ಮಂಡಳಿ ತನ್ನ ತೀರ್ಮಾನಕ್ಕೆ ಕಾರಣ ಬರೆಯಬೇಕು, ಮತ್ತು ಅದನ್ನು ಸೈನಿಕನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು. ತೀರ್ಮಾನವಾದ ಕಾನೂನಿನ ಪ್ರಶ್ನೆಯ ಮೇಲೆ ಮೇಲ್ಮನವಿ ಹೋಗುವುದನ್ನು ನಿಲ್ಲಿಸಬೇಕು. ನ್ಯಾಯಮಂಡಳಿಯೂ ಜನರ ಹತ್ತಿರ ಬರಬೇಕು. 2007ರ ಕಾಯ್ದೆಯಂತೆ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ನಮ್ಮ ರಾಜ್ಯ ಒಳಪಡುವ ಪೀಠ ಕೊಚ್ಚಿಯಲ್ಲಿದೆ. ಕಲಬುರಗಿಯಿಂದ ಅಲ್ಲಿಗೆ ಬಹುದೂರದ ಪ್ರಯಾಣ. ಮೂರ್ಛೆರೋಗವಿದ್ದವನು ಒಬ್ಬನೇ ಹೋಗಲಾರ. ಹೆಂಡತಿಯ ಕೂಲಿಯೂ ಹೋಗುತ್ತದೆ, ಇಬ್ಬರ ಟಿಕೆಟ್ಟೂ ಬೇಕು. ಹೈಕೋರ್ಟ್ 2008ರಲ್ಲಿ ಸಂಚಾರಿ ಪೀಠವಾಗಿ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ನ್ಯಾಯಮಂಡಳಿಯೂ ವರ್ಷಕ್ಕೆ ಎರಡು ಬಾರಿ ಇಲ್ಲಿ ಕುಳಿತರೆ ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಗಳಿಗೆ ಅನುಕೂಲ.

ಜೇವರ್ಗಿಯ ಆ ಗೆಳೆಯರಿಗಾಗಿ ನಾವು ಕೆಲವರು ಸೇರಿ ವಕೀಲರೊಬ್ಬರನ್ನು ಹುಡುಕಿದೆವು. ಅವರು ಶುಲ್ಕ ಕೇಳಲಿಲ್ಲ. ಕೆಲವು ವರ್ಷಗಳ ಓಡಾಟದ ನಂತರ ಆದೇಶ ಅವರ ಪರವಾಗಿ ಬಂತು. ಅದನ್ನೂ ನಾನೇ ಓದಿ ಹೇಳಿದೆ. ಕೇಳಿದ ಮೇಲೆ ಅವರ ಹೆಂಡತಿ ಮೊದಲು ವಿಚಾರಿಸಿದ್ದು ಹಣದ ಮಾತಲ್ಲ. 'ಇವರು ರೋಗ ಮುಚ್ಚಿಟ್ಟು ಹೋಗಿರಲಿಲ್ಲ ಅಂತ ಇದ್ರಾಗ ಬರದಾರೇನ್ರಿ?' ಎಂದರು. ಬರೆದಿದ್ದಾರೆ ತಾಯಿ, ಎಂದೆ. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ. ಓದಲು ಬಾರದ ಆಕೆ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದರು.

ಬಾಕಿ ಹಣ ಇನ್ನೂ ಬಂದಿಲ್ಲ. ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಕಳೆದ ಜನವರಿಯಲ್ಲಿ ಶಾಲೆಯವರು ಮತ್ತೆ ಸನ್ಮಾನಕ್ಕೆ ಕರೆದಾಗ ಅವರು ನಕ್ಕು ಹೇಳಿದರಂತೆ: 'ಶಾಲು ಮನ್ಯಾಗ ನಾಲ್ಕು ಅದಾವ್ರಿ. ಈ ಸಲ ಒಂದು ಅರ್ಜಿ ಬರದು ಕೊಡ್ರಿ, ಸಾಕು.'