ಮುತ್ತು ಹರಿದ ಮೇಲೆ

ಬೆಳಗಾವಿ ಸೀಮೆಯ ದೇವದಾಸಿಯರಿಗೆ ಕಾನೂನು ಮೂರು ಸಲ ಬಿಡುಗಡೆ ಕೊಟ್ಟಿದೆ. ಮೊದಲ ಸಲ 1934ರಲ್ಲಿ. ಆಗ ಈ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಮುಂಬೈ ದೇವದಾಸಿ ಸಂರಕ್ಷಣಾ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಎರಡನೇ ಸಲ ಕರ್ನಾಟಕದ್ದೇ ಕಾಯ್ದೆ ಬಂತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಎಂದು ಅದಕ್ಕೆ ಹೆಸರು, ಜಾರಿಯಾದದ್ದು 1984ರಲ್ಲಿ. ಮೂರನೆಯದಕ್ಕೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿದ್ದು 2025ರ ಆಗಸ್ಟ್‌ನಲ್ಲಿ. ಒಮ್ಮೆ ಬಿಡುಗಡೆಯಾದವರನ್ನು ಮತ್ತೆ ಮತ್ತೆ ಬಿಡುಗಡೆ ಮಾಡಬೇಕಾಗಿ ಬಂದರೆ, ಹಿಂದಿನ ಸಲ ಏನು ಬಾಕಿ ಉಳಿದಿತ್ತು ಎಂದು ಕೇಳಲೇಬೇಕಾಗುತ್ತದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಸುತ್ತಲಿನ ಸೀಮೆ ಈ ಪ್ರಶ್ನೆ ಕೇಳಲು ತಕ್ಕ ಜಾಗ. ಗೋಕಾಕ, ಮೂಡಲಗಿ ತಾಲ್ಲೂಕುಗಳು ಇಲ್ಲಿಂದ ದೂರವಿಲ್ಲ. ಹಿಡಕಲ್ ಜಲಾಶಯದ ನೀರು ಕಾಲುವೆಗೆ ಹರಿದ ಮೇಲೆ ಇದು ಕಬ್ಬಿನ ನಾಡಾಯಿತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ರೂಢಿ ಇಲ್ಲಿ ಎಷ್ಟು ಹಳೆಯದೋ, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವಿಗೆ ಸಮರ್ಪಿಸುವ ರೂಢಿಯೂ ಹೆಚ್ಚು ಕಡಿಮೆ ಅಷ್ಟೇ ಹಳೆಯದು. ಮಳೆ ಹೋಯಿತು, ಮನೆಯಲ್ಲಿ ಕಾಯಿಲೆ ಬಿಡಲಿಲ್ಲ, ಗಂಡುಮಗು ಹುಟ್ಟಲಿಲ್ಲ, ಹುಡುಗಿಯ ತಲೆಗೂದಲು ಜಡೆಗಟ್ಟಿತು: ಕಾರಣ ಯಾವುದಾದರೂ ಆಗುತ್ತಿತ್ತು. ಮುತ್ತು ಕೊರಳಿಗೆ ಬೀಳುತ್ತಿದ್ದದ್ದು ಮಾತ್ರ ಬಹುತೇಕ ದಲಿತರ ಮನೆಯ ಹುಡುಗಿಗೆ. ಅವಳು ಮೈನೆರೆದ ಮೇಲೆ ಬಂದು ಹೋಗುತ್ತಿದ್ದವನು ಹೆಚ್ಚಾಗಿ ಹೊಲ ಇದ್ದವನು. ಅವನ ಮನೆಗೆ ಅವಳು ಸೊಸೆಯಲ್ಲ, ಅವನ ಹೊಲದಲ್ಲಿ ಪಾಲುದಾರಳಲ್ಲ, ಕೂಲಿಯಾಳು ಆಗಬಹುದಿತ್ತು.

ಇದನ್ನು ಗುಲಾಮಗಿರಿ ಎನ್ನುವುದು ಅತಿಯಾಯಿತು ಎನ್ನುವವರಿದ್ದಾರೆ. ಏಳೆಂಟು ವರ್ಷದ ಮಗುವಿನ ಇಡೀ ಬದುಕನ್ನು ಬೇರೆಯವರು ಒಂದು ದಿನದಲ್ಲಿ ತೀರ್ಮಾನಿಸಿ, ಆ ತೀರ್ಮಾನಕ್ಕೆ ದೇವರ ಮುದ್ರೆ ಒತ್ತುವುದಕ್ಕೆ ಅವರೇ ಹೆಸರಿಡಲಿ.

ಗುಲಾಮಗಿರಿ ಕೊನೆಗೊಂಡ ಬೇರೆ ಕಡೆಗಳಲ್ಲೂ ಕಥೆ ಇದೇ ಜಾಡಿನಲ್ಲಿ ಸಾಗಿದೆ. ಬ್ರಿಟನ್ 1833ರ ಕಾಯ್ದೆಯಲ್ಲಿ ಎರಡು ಕೋಟಿ ಪೌಂಡ್ ಪರಿಹಾರ ಇಟ್ಟಿತು, ಕೊಟ್ಟದ್ದು ಒಡೆಯರಿಗೆ. ಅಮೆರಿಕದಲ್ಲಿ 1865ರ ಜನವರಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಭೂಮಿ ಕೊಡುವ ಸೇನಾ ಆದೇಶ ಹೊರಟಿತು. ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ತಿರುಗಿಸಿ, ಭೂಮಿ ಹಳೆಯ ಒಡೆಯರ ಕೈಗೇ ಹೋಗುವಂತೆ ಮಾಡಿದರು. ಕಂಪನಿ ಸರ್ಕಾರ 1843ರಲ್ಲಿ ಭಾರತದ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. ಆದರೆ ಸಾಲದ ಲೆಕ್ಕದಲ್ಲಿ ಜೀತ ಮುಂದುವರಿಯಿತು, ಅದನ್ನು ರದ್ದು ಮಾಡಲು 1975ರ ಸುಗ್ರೀವಾಜ್ಞೆ, 1976ರ ಕಾಯ್ದೆಯೇ ಬರಬೇಕಾಯಿತು. ನಮ್ಮ ದೇವದಾಸಿ ಕಾಯ್ದೆ ಒಡೆಯರಿಗೆ ಪರಿಹಾರ ಕೊಡಲಿಲ್ಲ, ನಿಜ. ಆದರೆ ಅವರು ಯಾರೆಂದು ಕೇಳಲೂ ಇಲ್ಲ. ಅದಕ್ಕಿಂತ ದೊಡ್ಡ ಪರಿಹಾರ ಇನ್ನೇನು ಬೇಕು?

1982ರ ಕಾಯ್ದೆಯನ್ನೇ ನೋಡಿ. ಮುತ್ತು ಕಟ್ಟಿದವರಿಗೆ, ಕಟ್ಟಿಸಿದವರಿಗೆ, ಅದರಲ್ಲಿ ಭಾಗವಹಿಸಿದವರಿಗೆ ಮೂರು ವರ್ಷದವರೆಗೆ ಸಜೆ. ತಂದೆತಾಯಿ, ಪೋಷಕರು, ಬಂಧುಗಳಾದರೆ ಐದು ವರ್ಷದವರೆಗೆ. ದೇವದಾಸಿ ಮದುವೆಯಾದರೆ ಆ ಮದುವೆ ಸಿಂಧು ಎಂದೂ ಹೇಳಿದೆ. ಸಮರ್ಪಣೆಯ ನಂತರ ವರ್ಷಗಟ್ಟಲೆ ಬಂದು ಹೋದ ಗಂಡಸಿನ ಬಗ್ಗೆ ಮಾತ್ರ ಅದರಲ್ಲಿ ಸೊಲ್ಲಿಲ್ಲ. ಹೀಗಾಗಿ ಕಾನೂನಿನ ಕೈ ಮೊದಲು ಚಾಚಿದ್ದು ಬಡ ತಾಯಿಯ ಕಡೆಗೆ. ಮಗಳು ಬಾಯಿಬಿಟ್ಟರೆ ಅವ್ವನೇ ಆರೋಪಿ. ಸಮರ್ಪಣೆಗಳು ಗುಡ್ಡದಿಂದ ಮನೆಯೊಳಗೆ, ಬೆಳಕಿನಿಂದ ಕತ್ತಲೆಗೆ ಸರಿದವು.

ಇನ್ನೊಂದು ಸೂಕ್ಷ್ಮವಿದೆ, ಸುಧಾರಕರು ಇದನ್ನು ಮಾತಾಡುವುದು ಕಡಿಮೆ. ಗಂಡುಮಗನಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮಗನ ಸ್ಥಾನದಲ್ಲಿ ನಿಲ್ಲುತ್ತಿದ್ದಳು. ಮನೆ ಅವಳದು, ಅವ್ವ ಅಪ್ಪನನ್ನು ಸಾಕುವವಳು ಅವಳು. ಈ ಸೀಮೆಯ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗತಿಯರ ನಡುವೆ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ ಕೂಡ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಜೋಗತಿಯ ಪಡ್ಡಲಗಿ ಬುಟ್ಟಿಗೆ ಜೋಳ ಬೀಳುತ್ತಿತ್ತು, ಹಬ್ಬದಲ್ಲಿ ಒಂದು ಜಾಗ ಇರುತ್ತಿತ್ತು. ಪದ್ಧತಿ ಕೆಟ್ಟದ್ದು, ಹೋಗಲೇಬೇಕಿತ್ತು. ಆದರೆ ಅದರ ಜೊತೆ ಹೋದ ಅನ್ನ ಮತ್ತು ಅಧಿಕಾರಕ್ಕೆ ಬದಲಿಯಾಗಿ ಸರ್ಕಾರ ಅವಳ ಕೈಗೆ ಏನು ಇಟ್ಟಿತು?

ಒಂದು ಪಟ್ಟಿ ಇಟ್ಟಿತು. 1993–94ರಲ್ಲಿ ಒಂದು ಸಮೀಕ್ಷೆ, 2007–08ರಲ್ಲಿ ಇನ್ನೊಂದು. ಎರಡೂ ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರು. ಹೆಸರು ಪಟ್ಟಿಯಲ್ಲಿದ್ದರೆ ಮಾಸಾಶನ, ಮನೆ, ಸಾಲದ ಸಹಾಯಧನ. ಸಮೀಕ್ಷೆಯ ದಿನ ಕಬ್ಬು ಕಡಿಯಲು ಹೋದವಳು, ನಾಚಿಕೆಯಿಂದ ಬಾಗಿಲು ಹಾಕಿಕೊಂಡವಳು, ಕಾಯ್ದೆಯ ನಂತರ ಮುತ್ತು ಕಟ್ಟಿಸಿಕೊಂಡು ಅದನ್ನು ಹೇಳಲು ಅಂಜಿದವಳು ಹೊರಗುಳಿದರು. ಜೀತದಲ್ಲೂ ಹೀಗೇ ಆಗಿದೆ: ಬಿಡುಗಡೆ ಪತ್ರ ಇಲ್ಲದಿದ್ದರೆ ಸರ್ಕಾರದ ಕಣ್ಣಲ್ಲಿ ನೀವು ಎಂದೂ ಜೀತದಲ್ಲಿ ಇರಲೇ ಇಲ್ಲ. ಇನ್ನು ಮಾಸಾಶನದ ಮೊತ್ತ. 2025ರ ಬಜೆಟ್‌ನಲ್ಲಿ ಅದನ್ನು 1,500ರಿಂದ 2,000 ರೂಪಾಯಿಗೆ ಏರಿಸಲಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಮಾಸಾಶನ ಎಂದರೆ ಸುಮಾರು ಐದೂವರೆ ದಿನದ ಕೂಲಿ.

ಈ ಸೀಮೆಯಲ್ಲಿ ಬಿಡುಗಡೆಗೆ ಮೈ ಬಂದದ್ದು ಕಾಯ್ದೆಯಿಂದಲ್ಲ, ಹೆಂಗಸರಿಂದ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ 1990ರ ದಶಕದಲ್ಲಿ ಇಲ್ಲಿ ಕೆಲಸ ಶುರುಮಾಡಿದವು. ಅದರಿಂದಲೇ 1997ರಲ್ಲಿ ಘಟಪ್ರಭಾದಲ್ಲಿ ಮಾಸ್ ಎಂದು ಹೆಸರಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಮಾಜಿ ದೇವದಾಸಿಯರೇ ಕಟ್ಟಿ ನಡೆಸುವ ಸಂಸ್ಥೆ ಅದು. ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅದರ ಮುಖ್ಯಸ್ಥೆಯಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಹೆಂಗಸರ ಕೆಲಸದಲ್ಲಿ ಜಡೆ ಕತ್ತರಿಸುವುದೂ ಒಂದು. ಎಣ್ಣೆ, ಬೆವರು, ಧೂಳು ಸೇರಿ ಹಗ್ಗದಂತೆ ಗಂಟಾದ ಕೂದಲು ಅದು, ವರ್ಷಗಳಿಂದ ಬಾಚಣಿಗೆ ಕಾಣದ್ದು, ಮೇಲೆ ಭಂಡಾರದ ಅರಿಶಿನ. ಕುತ್ತಿಗೆ ನೋಯುವಷ್ಟು ಭಾರ. ಕತ್ತರಿ ಹಾಕಿದರೆ ರಕ್ತ ಬರುತ್ತದೆ, ಎಲ್ಲವ್ವ ಮುನಿಯುತ್ತಾಳೆ ಎಂಬ ಅಂಜಿಕೆ. ಆ ಅಂಜಿಕೆಯನ್ನು ಡಾಕ್ಟರ ಮಾತು ಬಿಡಿಸಲಾರದು. ಒಂದು ಕಾಲಕ್ಕೆ ತನ್ನ ಕೊರಳಲ್ಲೂ ಮುತ್ತು ಇದ್ದವಳು ಪಕ್ಕದಲ್ಲಿ ಕೂತು, ನನಗೇನೂ ಆಗಿಲ್ಲ ನೋಡವ್ವ ಎಂದಾಗ ತಲೆ ಬಗ್ಗುತ್ತದೆ. ಕೂದಲು ಕತ್ತರಿಸಲು ಅರ್ಧ ತಾಸು ಸಾಕು. ಹೊಲ ಸಿಗಲು ಒಂದು ಜನ್ಮ ಸಾಲುತ್ತಿಲ್ಲ.

ಹೊಲವಿಲ್ಲದವರು ಏನು ಮಾಡಬೇಕು? ಹಲವರು ಸಾಂಗ್ಲಿ, ಪುಣೆ, ಮುಂಬೈ ದಾರಿ ಹಿಡಿದರು. ಸಾಂಗ್ಲಿಯಲ್ಲಿ ಲೈಂಗಿಕ ಕಾರ್ಯಕರ್ತೆಯರು ಕಟ್ಟಿಕೊಂಡ ವ್ಯಾಂಪ್ ಸಂಘಟನೆಯಲ್ಲಿ ಕನ್ನಡ ಮಾತಾಡುವ ಹೆಂಗಸರು ಬಹಳ. ನಮ್ಮನ್ನು ಉದ್ಧಾರ ಮಾಡಲು ಬರಬೇಡಿ, ಪೊಲೀಸರ ದಾಳಿ ನಿಲ್ಲಿಸಿ ಎನ್ನುವುದು ಅವರ ವಾದ. ಮಾಸ್‌ನ ಹೆಂಗಸರ ದಾರಿ ಬೇರೆ. ಯಾರದು ಸರಿ ಎಂದು ದೂರದಲ್ಲಿ ಕೂತು ತೀರ್ಪು ಕೊಡುವುದು ಸಲೀಸು, ನಾನು ಆ ಗೋಜಿಗೆ ಹೋಗಲಾರೆ.

ದೇವದಾಸಿಯರ ಮಕ್ಕಳ ವಿಷಯದಲ್ಲಿ ಹಾಗೆ ಸುಮ್ಮನಿರಲಾಗದು. ಶಾಲೆಗೆ ಸೇರಿಸುವಾಗ, ಜಾತಿ ಪ್ರಮಾಣಪತ್ರ ಕೇಳುವಾಗ, ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಎದುರಾಗುವ ಪ್ರಶ್ನೆ ಒಂದೇ, ತಂದೆಯ ಹೆಸರೇನು? ಊರಿಗೆಲ್ಲ ಗೊತ್ತಿರುವ ಹೆಸರನ್ನು ಬರೆಯುವಂತಿಲ್ಲ. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಮದುವೆಯಾಗುವವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆಯೇ ಇರಬಹುದು. ಕಳಂಕಕ್ಕೆ ಸರ್ಕಾರವೇ ಬೆಲೆ ಕಟ್ಟಿದಂತೆಯೂ ಕಾಣುತ್ತದೆ. 2025ರ ಕಾಯ್ದೆ ಮೊದಲ ಬಾರಿಗೆ ಈ ಗಾಯಕ್ಕೆ ಕೈ ಹಾಕಿದೆ. ತಂದೆಯ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮಕ್ಕಳು ಬಯಸಿದರೆ ತಂದೆ ಯಾರೆಂದು ಗುರುತಿಸಿ, ಜೀವನಾಂಶ ಮತ್ತು ಆಸ್ತಿಯ ಪಾಲು ಕೇಳಬಹುದು. ಹಿಂದಿನ ಎರಡು ಕಾಯ್ದೆಗಳು ಮುಟ್ಟದೆ ಬಿಟ್ಟ ಗಂಡಸು ಕೊನೆಗೂ ಕಾಗದದ ಮೇಲೆ ಬಂದಿದ್ದಾನೆ. ಊರ ಗೌಡರ ಹೊಲದ ಪಹಣಿಯನ್ನು ಎದುರು ಹಾಕಿಕೊಂಡು ಒಬ್ಬ ಕೂಲಿಯವಳ ಮಗ ಅರ್ಜಿ ಹಾಕಬಲ್ಲನೇ, ಹಾಕಿದರೆ ಮರುದಿನ ಅವನ ಅವ್ವನಿಗೆ ಕೆಲಸ ಸಿಕ್ಕೀತೇ ಎನ್ನುವುದು ಬೇರೆ ಮಾತು. ಪಹಣಿಯಲ್ಲಿ ಅವಳ ಹೆಸರಿಗೂ ಒಂದೆರಡು ಎಕರೆ ಇದ್ದಿದ್ದರೆ ಆ ಧೈರ್ಯ ಬರುತ್ತಿತ್ತು. ಸರ್ಕಾರ ಕೊಡಬೇಕಾದ್ದು ಮೊದಲು ಅದು.

ಅಲ್ಲಿಯವರೆಗೆ ಶಾಲೆಯ ಮುಖ್ಯಗುರುಗಳು, ಪಂಚಾಯಿತಿ ಗುಮಾಸ್ತರು, ಬ್ಯಾಂಕಿನವರು ಒಂದು ಕೆಲಸ ಮಾಡಬಹುದು, ಅದಕ್ಕೆ ಯಾವ ಅನುದಾನವೂ ಬೇಡ. ಅರ್ಜಿಯಲ್ಲಿ ತಾಯಿಯ ಹೆಸರು ಇದ್ದರೆ ಬರೆದುಕೊಳ್ಳಿ, ಎಲ್ಲರೆದುರು ಇನ್ನೊಂದು ಹೆಸರು ಕೇಳಬೇಡಿ.