ಲಾಂಛನವೂ ರೂಢಿಯೂ

ಈಗ ಗ್ರಾಫಿಕ್ ಡಿಸೈನ್ ಎಂದು ವ್ಯವಹೃತವಾಗುತ್ತಿರುವ ಚಿಹ್ನವಿನ್ಯಾಸಕಲೆಯನ್ನು ಕೇವಲ ಅಲಂಕಾರವೆಂದೆಣಿಸುವವರು ನಮ್ಮಲ್ಲಿ ಬಹುಮಂದಿ ಇರುವರು. ಈ ಅಭಿಪ್ರಾಯವು ಯುಕ್ತವೆಂದು ತೋರುವುದಿಲ್ಲ. ಲಾಂಛನದ ಮುಖ್ಯಪ್ರಯೋಜನವು ವಸ್ತುವಿನ ಗುರುತನ್ನು ತಿಳಿಸುವುದು. ಅದರ ಬಲವಾದರೋ ರೇಖೆಗಳ ಸೊಬಗಿಗಿಂತಲೂ ಶಾಸ್ತ್ರೋಕ್ತವಾದ ಅರ್ಥಕ್ಕಿಂತಲೂ ಹೆಚ್ಚಾಗಿ ಜನರ ರೂಢಿಯನ್ನೇ ಅವಲಂಬಿಸಿರುವುದು. ಇದನ್ನು ಕೆಲವು ದೃಷ್ಟಾಂತಗಳಿಂದ ವಿವೇಚಿಸೋಣ.

ತೀರ್ಥಂಕರರ ಬಿಂಬಗಳು ಬಹುಮಟ್ಟಿಗೆ ಏಕರೂಪವಾಗಿರುವುವು. ಪೀಠದಲ್ಲಿ ಕೆತ್ತಿದ ಆನೆಯಿಂದ ಅಜಿತನಾಥನೆಂದೂ, ಕುದುರೆಯಿಂದ ಸಂಭವನಾಥನೆಂದೂ, ಸಿಂಹದಿಂದ ಮಹಾವೀರನೆಂದೂ ಭಕ್ತನು ತಿಳಿಯುವನು. ಅಕ್ಷರವನ್ನರಿಯದವನಿಗೂ ಈ ಜ್ಞಾನವು ಸುಲಭ.

ಬಾದಾಮಿಯ ಚಾಲುಕ್ಯರ ರಾಜಮುದ್ರೆಯು ವರಾಹ. ಆ ಲಾಂಛನದಿಂದಲೇ ಹೊನ್ನಿನ ನಾಣ್ಯಕ್ಕೆ ವರಾಹವೆಂಬ ಹೆಸರು ಬಂದಿತೆಂದು ವಿದ್ವಾಂಸರು ಹೇಳುವರು. ವಿಜಯನಗರದ ಅಚ್ಯುತರಾಯನ (1529–1542) ನಾಣ್ಯದಲ್ಲಿ ಹಂದಿಯಿಲ್ಲ, ಗಂಡಭೇರುಂಡವಿದೆ. ಆದರೂ ಅದು ವರಾಹವೇ. ಚಿತ್ರವು ಬದಲಾದರೂ ಹೆಸರಿನಲ್ಲಿ ನೆಲೆಗೊಂಡ ವಿಶ್ವಾಸವು ಬದಲಾಗಲಿಲ್ಲ.

ವಾಣಿಜ್ಯದಲ್ಲಿ ಈ ವಿಷಯವು ಇನ್ನೂ ಸ್ಫುಟವಾಗುವುದು. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ಮರವು ಯೂರೋಪಿಗೆ ಹೋಗದೆ ನಿಂತುದರಿಂದ ಮೈಸೂರು ಸರ್ಕಾರವು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನೂ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ತಯಾರಿಕೆಯನ್ನೂ ಆರಂಭಿಸಿತು. ಆ ಸಾಬೂನಿನ ಲಾಂಛನವು ಶರಭವೆಂದು ಪ್ರಸಿದ್ಧ. ಪುರಾಣದ ಶರಭಕ್ಕೆ ಎಂಟು ಕಾಲುಗಳು. ಇಲ್ಲಿರುವುದಾದರೋ ಆನೆಯ ಮುಖವೂ ಸಿಂಹದ ದೇಹವೂ ಉಳ್ಳ ಗಜಸಿಂಹ. ಇದಕ್ಕೆ ಶರಭವೆಂಬ ಹೆಸರು ಸಲ್ಲದೆಂದು ನಾನೂ ಒಮ್ಮೆ ವಾದಿಸಿದ್ದುಂಟು. ಈಗ ಆ ವಾದವನ್ನು ಬಿಟ್ಟಿದ್ದೇನೆ. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬುದು ಶಾಸ್ತ್ರಸಮ್ಮತವೇ ಆಗಿದೆ. ಕೊಳ್ಳುವವನು ಆ ರೂಪವನ್ನು ಕಂಡು ನೆನೆಯುವುದು ಪುರಾಣವನ್ನಲ್ಲ, ಗಂಧದ ಪರಿಮಳವನ್ನು.

ನ್ಯಾಯಸ್ಥಾನವೂ ಇದೇ ಮಾರ್ಗವನ್ನು ಹಿಡಿದಿದೆ. ಅಮೃತಧಾರಾ, ಲಕ್ಷ್ಮಣಧಾರಾ ಎಂಬ ಎರಡು ಔಷಧಗಳ ಹೆಸರುಗಳ ವಿಷಯದಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವ್ಯಾಜ್ಯವು ಬಂದಿತು. ಪದಚ್ಛೇದ ಮಾಡಬಲ್ಲವನಿಗೆ ಅಮೃತವೂ ಲಕ್ಷ್ಮಣನೂ ಬೇರೆ ಬೇರೆ. ಆದರೆ ಹಳ್ಳಿಯ ಸಾಮಾನ್ಯ ಗ್ರಾಹಕನು ಪದವನ್ನು ಬಿಡಿಸಿ ವ್ಯುತ್ಪತ್ತಿಯನ್ನು ಯೋಚಿಸುವುದಿಲ್ಲ, ಒಟ್ಟಿನ ಸಾದೃಶ್ಯದಿಂದ ಅವನು ಭ್ರಾಂತನಾಗಬಹುದು ಎಂದು ನ್ಯಾಯಾಧೀಶರು ನಿರ್ಣಯಿಸಿದರು. ಶ್ರವಣಕ್ಕೆ ಸಲ್ಲುವ ಈ ನ್ಯಾಯವು ಚಿತ್ರಕ್ಕೂ ಸಲ್ಲತಕ್ಕದ್ದೇ. ನೋವಿಗೆ ಮದ್ದನ್ನು ಅರಸಿ ಬಂದವನು ಹೋಲಿಕೆಯ ಚಿಹ್ನವನ್ನು ನಂಬಿ ಬೇರೊಂದನ್ನು ಕೊಂಡರೆ, ಹಾನಿಯು ಅವನ ಹಣಕ್ಕೆ ಮಾತ್ರವೇ ಅಲ್ಲ.

ರಾಜ್ಯವ್ಯವಹಾರದಲ್ಲಿಯೂ ಹೀಗೆಯೇ. 1951ರ ಜನಗಣತಿಯಂತೆ ದೇಶದಲ್ಲಿ ಓದುಬಲ್ಲವರು ಶೇಕಡ 18ರಷ್ಟು ಮಾತ್ರ. ಆದುದರಿಂದಲೇ 1951–52ರ ಪ್ರಥಮ ಮಹಾಚುನಾವಣೆಯಲ್ಲಿ ಮತಪೆಟ್ಟಿಗೆಗಳಿಗೆ ಚಿಹ್ನಗಳನ್ನು ಅಂಟಿಸಿದರು. ಜೋಡೆತ್ತನ್ನು ಕಂಡವನು ಕಾಂಗ್ರೆಸ್ಸಿನ ಪೆಟ್ಟಿಗೆಯೆಂದು ತಿಳಿದನು. ಪ್ರಜೆಯ ಅಧಿಕಾರವು ಒಂದು ಚಿತ್ರದ ಮೂಲಕ ನಡೆಯಿತು.

ಇದರಿಂದ ಚಿಹ್ನಕಾರನ ಹೊಣೆಯು ಎಷ್ಟೆಂಬುದು ವಿಶದವಾಗುವುದು. ಓದಬಲ್ಲವನು ಲಾಂಛನದ ಕೆಳಗಿನ ಬರೆಹವನ್ನು ಪರೀಕ್ಷಿಸಬಹುದು. ಓದಲಾರದವನಿಗೆ ಲಾಂಛನವೇ ಪ್ರಮಾಣ. ಅಂಥವನ ವಿಶ್ವಾಸವನ್ನು ಕೆಡಿಸುವ ಚಿಹ್ನವು ಎಷ್ಟು ಸುಂದರವಾಗಿದ್ದರೂ ತ್ಯಾಜ್ಯವೇ ಸರಿ. ಅಮರಸಿಂಹನು ತನ್ನ ಕೋಶದಲ್ಲಿ ಲಾಂಛನ, ಕಳಂಕ ಎಂಬೆರಡನ್ನೂ ಪರ್ಯಾಯಪದಗಳಾಗಿ ಪಠಿಸಿರುವನು. ಯಾವುದು ಯಾವುದಾಗಬೇಕೆಂಬುದು ಅದನ್ನು ಧರಿಸಿದವರ ನಡತೆಗೆ ಸೇರಿದುದು.