ಮಾತಿನ ಹೊಣೆ

ಮಾತನಾಡಬಲ್ಲವನು ಮನುಷ್ಯನೊಬ್ಬನೇ ಎಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದೆವು. ಈಗ ಯಂತ್ರವೂ ಮಾತನಾಡುತ್ತದೆ. ಒಬ್ಬನ ಕಂಠಧ್ವನಿಯ ಅಲ್ಪ ಮಾದರಿ ದೊರೆತರೆ ಸಾಕು, ಅವನು ಎಂದೂ ಆಡದ ಮಾತನ್ನು ಅವನ ದನಿಯಲ್ಲಿಯೇ ಆಡಿ ತೋರಿಸುತ್ತದೆ. ಹೀಗಿರುವಲ್ಲಿ ಮನುಷ್ಯನ ಮಾತಿಗೆ ಉಳಿದ ಬೆಲೆಯೇನೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ನಮ್ಮ ನುಡಿಗಟ್ಟುಗಳೇ ಇದಕ್ಕೆ ಉತ್ತರವನ್ನು ಸೂಚಿಸುತ್ತವೆ. ನಾವು ಮಾತನ್ನು ಆಡುವುದಷ್ಟೇ ಅಲ್ಲ. ಮಾತು ಕೊಡುತ್ತೇವೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ, ಒಮ್ಮೊಮ್ಮೆ ಅದಕ್ಕೆ ತಪ್ಪುತ್ತೇವೆ. ದನಿಯನ್ನು ಯಾರು ಬೇಕಾದರೂ ಅನುಕರಿಸಬಹುದು. ಮಾತಿಗೆ ತಪ್ಪಿದಾಗ ತಲೆತಗ್ಗಿಸಲು ಮಾತ್ರ ಮನುಷ್ಯನೇ ಬೇಕು. ಈ ಹೊಣೆಯೇ ಮಾತಿನ ಬೆಲೆ.

ನ್ಯಾಯಸ್ಥಾನವು ಇದನ್ನು ಚೆನ್ನಾಗಿ ಅರಿತಿದೆ. 1872ರ ಸಾಕ್ಷ್ಯ ಶಾಸನದಲ್ಲಿ ಬಾಯಿಸಾಕ್ಷ್ಯವು ನೇರವಾಗಿರತಕ್ಕದ್ದೆಂಬ ವಿಧಿಯಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದೇ ವಿಧಿಯಿದೆ. ಕಂಡುದನ್ನು ಕಂಡವನೇ ಬಂದು ಹೇಳಬೇಕು. ಪಾಟೀಸವಾಲಿಗೂ ಅವನೇ ಉತ್ತರ ಕೊಡಬೇಕು.

ರಾಜ್ಯವ್ಯವಹಾರದಲ್ಲಿಯೂ ಹಾಗೆಯೇ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿದಾಗ 144 ಮಂದಿ ಬಂದಿದ್ದರು. ಶಾಸನಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಇದ್ದುದು ಮಾತೊಂದೇ: ಸರ್ಕಾರದ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡುವುದು. ಆದರೆ ಆಡುವವನು ಇಂಥ ತಾಲ್ಲೂಕಿನ ಇಂಥವನೆಂದು ತಿಳಿದಿತ್ತು; ಕೇಳುವ ದಿವಾನರೂ ಎದುರಿಗಿದ್ದರು. ಆದುದರಿಂದ ಆ ಮಾತಿಗೆ ತೂಕವಿತ್ತು. ಇಂದಿನ ಗ್ರಾಮಸಭೆಯ ಸತ್ತ್ವವೂ ಇದರಲ್ಲಿಯೇ ಇದೆ.

ಈ ಹೊಣೆ ಕಳಚಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ನಿದರ್ಶನವೊಂದುಂಟು. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಪ್ರಾಥಮಿಕ ಚುನಾವಣೆಗೆ ಮುಂಚೆ, ಅಂದಿನ ಅಧ್ಯಕ್ಷ ಬೈಡನ್ ಅವರ ದನಿಯನ್ನು ಹೋಲುವ ಯಂತ್ರದನಿಯೊಂದು ದೂರವಾಣಿಯಲ್ಲಿ ಮತದಾರರಿಗೆ ಕೇಳಿಬಂದು, ಈ ಬಾರಿ ಮತ ಹಾಕಬೇಡಿರೆಂದು ಹೇಳಿತು. ಯಂತ್ರವನ್ನು ದಂಡಿಸುವುದು ಹೇಗೆ? ಅಲ್ಲಿನ ಸಂಪರ್ಕ ಆಯೋಗವು ಆ ಕರೆಗಳ ಹಿಂದಿದ್ದ ಮನುಷ್ಯನಿಗೆ ಅದೇ ವರ್ಷ 60 ಲಕ್ಷ ಡಾಲರುಗಳ ದಂಡ ವಿಧಿಸಿತು.

ಸುಳ್ಳನ್ನು ನಂಬುವುದೊಂದೇ ಇಲ್ಲಿರುವ ಅಪಾಯವಲ್ಲ. ನಿಜವಾಗಿ ಆಡಿದ ಮಾತನ್ನೂ ‘ಅದು ಯಂತ್ರದ್ದು’ ಎಂದು ಅಲ್ಲಗಳೆಯಲು ಅಧಿಕಾರಸ್ಥರಿಗೆ ನೆಪ ಸಿಕ್ಕುತ್ತದೆ. ಯಾರ ಮಾತನ್ನೂ ನಂಬದ ಪ್ರಜೆಗಳು ಯಾರನ್ನೂ ಮಾತಿಗೆ ಕಟ್ಟಿಹಾಕಲಾರರು; ಹಾಗಾದಲ್ಲಿ ಪ್ರಜಾಪ್ರಭುತ್ವವು ಹೆಸರಿಗೆ ಮಾತ್ರ ಉಳಿಯುವುದು.

ಇದಕ್ಕೆ ಪರಿಹಾರವು ಕಾನೂನಿನಿಂದ ಸ್ವಲ್ಪ ದೊರೆಯಬಹುದು. ಮಿಕ್ಕುದು ನಮ್ಮ ನಡತೆಯಿಂದಲೇ ದೊರೆಯಬೇಕು. ಒಂದು ಸುದ್ದಿ ಕಿವಿಗೆ ಬಿದ್ದಾಗ, ಹೇಳಿದವರು ಯಾರೆಂದು ವಿಚಾರಿಸೋಣ. ಅದನ್ನು ಮುಂದಕ್ಕೆ ದಾಟಿಸುವ ಮೊದಲು, ಕೇಳಿದವರೆದುರಿಗೆ ನಿಂತು ಇದು ನಮ್ಮ ಮಾತೆಂದು ಒಪ್ಪಿಕೊಳ್ಳಬಲ್ಲೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಒಪ್ಪಿಕೊಳ್ಳಲಾರದ ಮಾತನ್ನು ಆಡದಿರುವುದೇ ಲೇಸು.